ಸುಖವಾಗಿ ಹೆತ್ತವರನ್ನು ಹುಡುಕುತ್ತಾ

ಐದು ತಿಂಗಳು ತುಂಬಿ, ಹೊಟ್ಟೆ ಸೆರಗಿನಲ್ಲಿ ಮುಚ್ಚಿಡಲಾಗದಷ್ಟು ಕಾಣಿಸತೊಡಗಿದ ಮೇಲೆ ಕಂಡವರೆಲ್ಲ ನನಗೆ ಹೆರಿಗೆಯ ಕಥೆ ಹೇಳತೊಡಗಿದರು. ನಾನು ಯಾರನ್ನೂ ಕೇಳಿರಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು, ಶಾಲೆಯಲ್ಲಿ ಬಿಸಿಯೂಟ ಮಾಡುವವರು, ಸೊಪ್ಪು ಮಾರುವಾಕೆ, ಕೊನೆಗೆ ರೇಷನ್ ಅಂಗಡಿಯ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಗಂಡಸು ಕೂಡ. ಯಾರದೋ ಕೂಸು ಅಡ್ಡ ಬಂದಿತ್ತು, ಯಾರದೋ ರಕ್ತ ನಿಲ್ಲಲಿಲ್ಲ, ಯಾರೋ ಆಂಬುಲೆನ್ಸಿನಲ್ಲೇ ಹೋಗಿಬಿಟ್ಟಳು. ಕೇಳುವಾಗ ಹೆದರಿಕೆಯಾಗುತ್ತಿತ್ತು, ನಿಜ. ಆದರೆ ಹೆದರಿಕೆಗಿಂತ ಮೊದಲು ಅಸಹ್ಯವಾಗುತ್ತಿತ್ತು. ಕಥೆಗಿಂತ ಹೆಚ್ಚಾಗಿ, ಅದನ್ನು ಹೇಳುವವರ ಬಾಯಿಯಲ್ಲಿ ಕಾಣುತ್ತಿದ್ದ ರುಚಿಯ ಬಗ್ಗೆ.

ಆಗ ನಾನು ತಂಬ್ರಹಳ್ಳಿಯ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹಗರಿಬೊಮ್ಮನಹಳ್ಳಿಯಲ್ಲಿ ಬಾಡಿಗೆ ಮನೆ. ಗಂಡ ಕೊಟ್ಟೂರಿನ ಒಂದು ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಹೋದರೆ ಸಂಜೆಗೇ ಬರುತ್ತಿದ್ದುದು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. ಗರ್ಭಕೋಶ ಎಲ್ಲಿದೆ, ಹೇಗೆ ಕುಗ್ಗುತ್ತದೆ, ಹಿಗ್ಗುತ್ತದೆ ಎಂದು ಹತ್ತನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದವಳು ನಾನು. ಆದರೆ ಹೆರುವುದು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಒಂದೇ ಒಂದು ಒಳ್ಳೆಯ ಕಥೆ ಬೇಕಾಗಿತ್ತು. ನೋವಿದ್ದರೂ ಇರಲಿ; ಆದರೆ 'ನಂದು ಚಲೋ ಆತು' ಎಂದು ಒಬ್ಬಳಾದರೂ ಹೇಳಿದ್ದನ್ನು ಕೇಳಬೇಕಾಗಿತ್ತು.

ಮೊದಲು ಫೋನಿನಲ್ಲಿ ಹುಡುಕಿದೆ. ಸಹಜ ಹೆರಿಗೆ, ಸಂತಸದ ಹೆರಿಗೆ ಎಂದು ಬರೆದು ಒತ್ತಿದರೆ ಸಾಲು ಸಾಲು ಬಂದವು. ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಕೂತ ಹೆಂಗಸರು, ಸುತ್ತ ಮೇಣದ ಬತ್ತಿ, ಬೆನ್ನು ನೀವುವ ಗಂಡ. ನೋವು ಎಂಬ ಶಬ್ದವನ್ನು ಅವರು ಆಡುತ್ತಲೇ ಇರಲಿಲ್ಲ, ಅದಕ್ಕೆ 'ಅಲೆ' ಎನ್ನುತ್ತಿದ್ದರು. ಮೊದಲ ವಾರ ಆಸೆಯಿಂದ ನೋಡಿದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಕನ್ನಡದಲ್ಲೇ ಮಾತಾಡುವ ಒಬ್ಬಾಕೆ ಸಿಕ್ಕಳು. ಬೆಣ್ಣೆಯಂಥ ದನಿ. 'ನಿಮ್ಮ ದೇಹವನ್ನು ನಂಬಿ, ಅದಕ್ಕೆ ಎಲ್ಲವೂ ಗೊತ್ತಿದೆ' ಎನ್ನುತ್ತಿದ್ದಳು. ಆಪರೇಷನ್ ಆದವರನ್ನು 'ನಂಬಿಕೆ ಕಳೆದುಕೊಂಡ ತಾಯಂದಿರು' ಎನ್ನುತ್ತಿದ್ದಳು. ಕೊನೆಗೆ ತನ್ನ ತರಗತಿಗೆ ಸೇರಿಕೊಳ್ಳಿ ಎನ್ನುತ್ತಿದ್ದಳು. ಅವಳ ವಾಟ್ಸಾಪ್ ಗುಂಪಿಗೆ ಸೇರಿದೆ. ಅಲ್ಲಿ ಎಲ್ಲರೂ ಎಲ್ಲರಿಗೂ ಹೂವಿನ ಚಿತ್ರ ಕಳಿಸುತ್ತಿದ್ದರು. ಒಂದು ದಿನ ನಾನು ಬರೆದೆ: 'ನಮ್ಮ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಒಂದೇ ಕೋಣೆಯಲ್ಲಿ ಮೂರು ಟೇಬಲ್ ಇರುತ್ತವೆ. ಅಲ್ಲಿ ಸಹಜವಾಗಿ, ಮರ್ಯಾದೆಯಿಂದ ಹೆತ್ತವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.'

ಅರ್ಧ ಗಂಟೆಯ ನಂತರ ಉತ್ತರ ಬಂತು. 'ಸಹೋದರಿ, ಇಲ್ಲಿ ನಕಾರಾತ್ಮಕ ಮಾತು ಬೇಡ. ನಿಮ್ಮ ಕಂದನಿಗೆ ಕೇಳಿಸುತ್ತದೆ.'

ನನ್ನ ಮಾತು ಕೂಸಿಗೆ ಕೇಳಿಸಿದರೆ ಕೂಸಿಗೆ ಕೆಡುಕಾಗುತ್ತದೆಯಂತೆ. ಅವರು ನನ್ನನ್ನು ಹೊರಗೆ ಹಾಕುವ ಮೊದಲು ನಾನೇ ಹೊರಗೆ ಬಂದೆ. ಆ ಬೆಣ್ಣೆ ದನಿ ಇವತ್ತು ಎಲ್ಲಿ ಕೇಳಿದರೂ ನನಗೆ ಓಕರಿಕೆ ಬರುತ್ತದೆ.

ಏಳನೇ ತಿಂಗಳಲ್ಲಿ ಅತ್ತೆಯ ಮನೆಯವರು ಸೀಮಂತದ ಕುಬಸ ಮಾಡಿದರು. ಹಸಿರು ಸೀರೆ, ಎರಡೂ ಕೈತುಂಬ ಹಸಿರು ಬಳೆ, ಹೋಳಿಗೆ ಊಟ. ಮುತ್ತೈದೆಯರು ಉಡಿ ತುಂಬಿ, ಆರತಿ ಎತ್ತಿ, ಊಟಕ್ಕೆ ಕೂತರು. ನನ್ನ ಎದುರಿಗೆ ಕೂತವರು ಗಂಡನ ಸಣ್ಣತ್ತೆ. ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದುತ್ತಾ ಶುರು ಮಾಡಿದರು.

"ನಮ್ಮ ಓಣ್ಯಾಗ ಒಬ್ಬಾಕಿ ಅದಾಳ, ನಿನ್ನಂಗ ವಯಸ್ಸು ಮೀರಿ ಬಸರಾಗಿದ್ಲು. ನಾರ್ಮಲ್ಲ ಆತು, ಖರೆ. ಆದ್ರ ಈ ಕಡಿಯಿಂದ ಆ ಕಡಿತನಕ ಹರದು ಹೋತಂತ. ಹೊಲಿಗಿ ಹಾಕೂಕ ಒಂದು ತಾಸು ಹಿಡೀತಂತ. ಇನ್ನೂ ಸರಿಯಾಗಿ ಕುಂದ್ರೂಕ ಬರಂಗಿಲ್ಲ ಅಕಿಗೆ."

"ಊಟ ಮಾಡ್ವಾಗ ಯಾಕ್ರಿ ಅದು," ಎಂದು ನನ್ನ ಅತ್ತೆ ಮೆಲ್ಲಗೆ ಹೇಳಿದರು.

"ಗೊತ್ತಿರಲಿ ಅಂತ ಹೇಳ್ದೆ. ಹೆಣ್ಣಾಗಿ ಹುಟ್ಟಿದ ಮ್ಯಾಲ ಗೊತ್ತಿರಬಾರದಾ?" ಸಣ್ಣತ್ತೆ ಬೆರಳಿನ ತುಪ್ಪ ನೆಕ್ಕಿದರು. "ಇನ್ನೊಂದು ಹೋಳಿಗಿ ಹಾಕ್ರಿ."

ನಾನು ಎದ್ದು ಬಚ್ಚಲಿಗೆ ಹೋಗಿ ತಿಂದದ್ದನ್ನೆಲ್ಲ ಕಾರಿಕೊಂಡೆ. ಹೊರಗೆ ಹೆಂಗಸರು ನಗುತ್ತಿದ್ದರು. ಇನ್ನೂ ಬಯಕೆಯ ವಾಂತಿ ನಿಂತಿಲ್ಲ, ಗಂಡು ಕೂಸೇ ಇರಬೇಕು ಎಂದು ಯಾರೋ ಹೇಳಿದರು.

ಇಷ್ಟೆಲ್ಲದರ ನಡುವೆ ಒಂದೇ ಒಂದು ಕಥೆ ನನ್ನ ತಲೆಯಲ್ಲಿ ಉಳಿದುಕೊಂಡಿತ್ತು. ಅದು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರದು. ಗುಡೇಕೋಟೆಯ ಹತ್ತಿರದ ಒಂದು ಹಟ್ಟಿಯವರು, ಕುರಿ ಸಾಕುವ ಮನೆತನ. ಯಾವ ಟೀಚರು ಹೆರಿಗೆ ರಜೆಗೆ ಅರ್ಜಿ ಬರೆದರೂ ಸ್ಟಾಫ್ ರೂಮಿನಲ್ಲಿ ಅವರು ಅದನ್ನು ಹೇಳದೆ ಬಿಡುತ್ತಿರಲಿಲ್ಲ.

"ನಮ್ಮವ್ವ ಶೇಂಗಾ ಹೊಲ್ದಾಗ ಕಳಿ ತೆಗಿತಿದ್ಲು ನೋಡ್ರಿ ಮೇಡಂ. ಬ್ಯಾನಿ ಬಂತು. ಗಿಡದ ಮರಿಗೆ ಹೋದ್ಲು, ನನ್ನ ಹಡದ್ಲು, ಕುಡುಗೋಲಿಂದ ತಾನ ಹೊಕ್ಕಳಬಳ್ಳಿ ಕೊಯ್ದ್ಲು, ಸೆರಗಿನ್ಯಾಗ ಸುತ್ತಿ ನೆಳ್ಳಿಗೆ ಮಲಗಿಸಿದ್ಲು. ಉಳಿದ ಸಾಲು ಮುಗಿಸಿಕೊಂಡ ಮನಿಗೆ ಬಂದ್ಲು. ಈಗಿನವ್ರಿಗೆ ಆರು ತಿಂಗಳು ರಜಾ, ಎರಡು ಸ್ಕ್ಯಾನಿಂಗು, ಒಂದು ಆಂಬುಲೆನ್ಸು!"

ಮುಂಚೆ ಈ ಕಥೆ ಕೇಳಿದಾಗಲೆಲ್ಲ ನಾನು ಮುಖ ತಿರುಗಿಸಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅದರಲ್ಲಿ ನಮಗೆ ಇಟ್ಟ ಚುಚ್ಚು ಗೊತ್ತಾಗುತ್ತಿತ್ತು. ಆದರೆ ಆ ತಿಂಗಳುಗಳಲ್ಲಿ ನಾನು ಎಷ್ಟು ಬಾಯಾರಿದ್ದೆನೆಂದರೆ, ಆ ಕಥೆಯೇ ನನಗೆ ನೀರಿನಂತೆ ಕಂಡಿತು. ಯಾರೂ ಕೊಯ್ಯಲಿಲ್ಲ, ಯಾರೂ ಬೈಯಲಿಲ್ಲ, ತನ್ನಷ್ಟಕ್ಕೆ ತಾನೇ ಹೆತ್ತು ಎದ್ದು ಬಂದ ಒಬ್ಬ ಹೆಂಗಸು ಈ ಸೀಮೆಯಲ್ಲೇ ಇನ್ನೂ ಬದುಕಿದ್ದಾಳೆ. ತವರಿಗೆ ಹೋಗುವ ಮುಂಚಿನ ದಿನ ಮೇಷ್ಟ್ರನ್ನು ಕೇಳಿದೆ. ನಮ್ಮ ತವರು ಕೂಡ್ಲಿಗಿಯ ಹತ್ತಿರ. ಅಲ್ಲಿಂದ ಗುಡೇಕೋಟೆ ದೂರವಲ್ಲ. ನಿಮ್ಮ ತಾಯಿಯನ್ನು ನೋಡಿ ಬರಬಹುದೇ?

ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. "ಹೋಗ್ರಿ ಮೇಡಂ! ಅವ್ವನ ಬಾಯ್ಲೇ ಕೇಳ್ರಿ. ಧೈರ್ಯ ಬರ್ತತಿ ನಿಮಗ."

ತವರಿಗೆ ಬಂದ ಮೇಲೆ ಮೊದಲು ನಮ್ಮವ್ವನನ್ನೇ ಕೇಳಿದೆ. ಅವಳು ನನ್ನೊಬ್ಬಳನ್ನೇ ಹೆತ್ತವಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ನಾ ಹುಟ್ಟಿದಾಗ ಹೆಂಗಿತ್ತು?"

"ಹೆಂಗ ಅಂದ್ರ? ಎಲ್ಲಾರು ಹುಟ್ಟಿದಂಗ ಹುಟ್ಟಿದಿ."

"ನಿನಗ ಹೆಂಗಾತು ಅಂತ ಕೇಳಿದ್ದು."

"ಮರತೈತಿ," ಎಂದಳು. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು.

ಗುಡೇಕೋಟೆಗೆ ಹೋಗುತ್ತೇನೆಂದಾಗ ಮಾತ್ರ ಸಿಟ್ಟಿಗೆದ್ದಳು. ಎಂಟನೇ ತಿಂಗಳಲ್ಲಿ ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗುವ ಹುಚ್ಚು ಏನು ಎಂದಳು. ನಾನು ಹಟ ಬಿಡದಿದ್ದಾಗ ತಾನೂ ಚೀಲ ಹಿಡಿದು ಹೊರಟಳು. ಬಿಸಿಲು ಏರುವ ಮುಂಚಿನ ಬಸ್ಸು ಹಿಡಿದೆವು. ಎರಡೂ ಕಡೆ ಕುರುಚಲು ಗುಡ್ಡ, ಬಂಡೆ. ಗುಡೇಕೋಟೆಯಲ್ಲಿ ಇಳಿದು ಆಟೋ ಮಾಡಿಕೊಂಡು ಆ ಹಟ್ಟಿಗೆ ಹೋದೆವು.

ಮೇಷ್ಟ್ರ ತಾಯಿ ಮನೆಯ ಮುಂದಿನ ಕಟ್ಟೆಯ ಮೇಲೆ ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಾ ಕೂತಿದ್ದರು. ಸಣ್ಣ ಮೈ, ಚುರುಕು ಕಣ್ಣು. ಮಗ ಫೋನು ಮಾಡಿ ಹೇಳಿದ್ದರಿಂದ ನಮ್ಮ ದಾರಿ ನೋಡುತ್ತಿದ್ದರು. ಕಂಬಳಿ ಹಾಸಿ ಕೂರಿಸಿದರು, ಮಜ್ಜಿಗೆ ಕೊಟ್ಟರು. ನಾನು ನಾಚಿಕೆಯಿಂದಲೇ ವಿಷಯಕ್ಕೆ ಬಂದೆ. ನೀವು ಹೊಲದಲ್ಲಿ ಹೆತ್ತ ಕಥೆ ಕೇಳಬೇಕೆಂದು ಬಂದೆ, ನಿಮ್ಮ ಮಗ ಹೇಳುತ್ತಿರುತ್ತಾರೆ ಎಂದೆ.

"ಅವ ಹೇಳ್ತಾನಾ?" ಅಜ್ಜಿ ನಕ್ಕರು. "ಅವ ಎಲ್ಲಿ ನೋಡ್ಯಾನ ಯವ್ವಾ? ಅವಾಗ ಅವ ಕಣ್ಣು ಸುದ್ದಾ ತೆರದಿದ್ದಿಲ್ಲ."

ನಾವೂ ನಕ್ಕೆವು. ಅಜ್ಜಿ ಒಂದು ಹುಣಸೆಹಣ್ಣನ್ನು ಕಲ್ಲಿನ ಮೇಲಿಟ್ಟು ಬಡಿದರು, ಬೀಜ ತೆಗೆದು ಬದಿಗೆ ಎಸೆದರು. ಆಮೇಲೆ ಹೇಳಿದರು.

"ಮುಂಜಾನಿನ ಬ್ಯಾನಿ ಸುರುವಾಗಿತ್ತು. ನಮ್ಮತ್ತಿಗೆ ಹೇಳಿದೆ. ಸುಳ್ಳ ಬ್ಯಾನಿ, ಹೊಲಕ್ಕ ನಡಿ, ಮಲಕೊಂಡ್ರ ಕೂಸು ಹೊಟ್ಟ್ಯಾಗ ಅಡ್ಡ ತಿರಗತತಿ ಅಂದ್ಲು. ಹೋದೆ. ಕುಂತು ಕುಂತು ಕಳಿ ತೆಗದೆ. ಆಗಲಿಲ್ಲ. ಗಿಡದ ಮರಿಗೆ ಹೋದೆ. ಯಾರೂ ಬರಲಿಲ್ಲ ಯವ್ವಾ. ಬಾಕಿ ಹೆಣಮಕ್ಕಳು ಆ ತುದಿಯಾಗ ಇದ್ರು, ನಮ್ಮತ್ತಿ ಅವರನ್ನ ಬಿಡಲಿಲ್ಲ, ಕೆಲಸ ಕೆಡತತಿ ಅಂತ. ಒದರಿದ್ರ ಗಂಡಸ್ರಿಗೆ ಕೇಳ್ತತಿ ಅಂತ ಸೆರಗು ಬಾಯಾಗ ತುರುಕಿಕೊಂಡೆ. ಇವ ಬಿದ್ದ. ಕುಡುಗೋಲಿಗೆ ಮಣ್ಣು ಮೆತ್ತಿತ್ತು, ಸೀರಿಗೆ ಒರಸಿ ಕೊಯ್ದೆ. ಕೂಸಿನ ಹಿಂದ ಮಾಸು ಬೀಳಲಿಲ್ಲ. ರಕ್ತ ಹರೀತಾನ ಇತ್ತು. ಆ ವಾಸನಿಗೆ ನಾಯಿ ಬಂತು."

ಅವ್ವ ಕೈಯಲ್ಲಿದ್ದ ಮಜ್ಜಿಗೆ ಲೋಟವನ್ನು ಕೆಳಗಿಟ್ಟಳು.

"ಕುರಿ ಕಾಯೋ ನಾಯಿ, ನಮ್ದ. ನಾ ಅನ್ನ ಹಾಕಿದ್ದ ನಾಯಿ. ಆದ್ರ ಅವತ್ತು ಅದು ನನ್ನ ನೋಡೋದು ಬ್ಯಾರೆ ಇತ್ತು. ಒಂದು ಕೈಯಾಗ ಕೂಸು, ಒಂದು ಕೈಯಾಗ ಕಲ್ಲು ಹಿಡಕೊಂಡು ಕುಂತಿದ್ದೆ. ಎಷ್ಟೊತ್ತು ಅಂತ ಗೊತ್ತಿಲ್ಲ. ನೆಳ್ಳು ಸರದಿತ್ತು."

"ಆಮೇಲೆ ಉಳಿದ ಸಾಲು..." ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಆ ಮಾತು ಯಾಕೆ ಆಡಿದೆನೋ ಎಂದು ಇವತ್ತಿಗೂ ಮೈ ಮುದುಡುತ್ತದೆ.

"ಎಲ್ಲಿ ಸಾಲು? ಎದ್ದು ನಿಂತ್ರ ದೊಪ್ಪಂತ ಬಿದ್ದೆ. ಹೊತ್ತಕೊಂಡ ಬಂದ್ರು. ನನ್ನ ಸೊಸಿ ಸಾಲು ಮುಗಿಸಿ ಬಂದ್ಲು ಅಂತ ಊರಾಗ ಹೇಳಿದಾಕಿ ನಮ್ಮತ್ತಿ. ಮರ್ಯಾದಿ ಉಳಿಬೇಕಲ್ಲ. ಅಕಿ ಹೇಳಿದ್ದನ್ನ ಇವ ಹಿಡಕೊಂಡಾನ." ಅಜ್ಜಿ ಬೀಜಗಳನ್ನು ಒಂದು ಕಡೆ ಗುಡ್ಡೆ ಮಾಡಿದರು. "ಇವಗಿಂತ ಮೊದ್ಲು ಎರಡು ಹಡದಿದ್ದೆ. ಅವನ್ನೂ ಹಂಗ, ಒಬ್ಬಾಕಿನ. ಎರಡೂ ಉಳಿಲಿಲ್ಲ. ಅವುಗಳ ಕಥಿ ಯಾರೂ ಹೇಳಂಗಿಲ್ಲ ನೋಡು."

ನಾನು ತಲೆ ತಗ್ಗಿಸಿ ಕೂತೆ. ಎಂಥ ಹೊಲಸು ಕೆಲಸ ಮಾಡಿದೆ ಎನ್ನಿಸಿತು. ಮೇಷ್ಟ್ರ ಮೇಲೆ, ಅಜ್ಜಿಯ ಆ ಅತ್ತೆಯ ಮೇಲೆ ಅಸಹ್ಯ ಉಕ್ಕಿ ಬಂತು. ಆದರೆ ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆಯೇ. ನನಗೆ ಧೈರ್ಯ ಬರಲಿ ಎಂದು, ಸುಖವಾಗಿ ನಿದ್ದೆ ಬರಲಿ ಎಂದು ಒಬ್ಬ ಮುದುಕಿಯ ಹತ್ತಿರ ಬಂದು ಅವಳ ಸತ್ತ ಮಕ್ಕಳನ್ನು ಎಬ್ಬಿಸಿ ಕೂರಿಸಿದ್ದೆ. ಸಣ್ಣತ್ತೆಯ ತುಪ್ಪದ ಬೆರಳಿಗೂ ನನಗೂ ಏನು ವ್ಯತ್ಯಾಸವಿತ್ತು?

"ತಪ್ಪಾತ್ರಿ ಅಜ್ಜಿ," ಎಂದೆ.

"ಯಾಕ? ಕೇಳಿದಿ, ಹೇಳಿದೆ. ಇಷ್ಟು ವರ್ಷ ಆದ್ರೂ ನನ್ನನ್ನ ಯಾರು ಕೇಳಿದ್ರು? ಎಲ್ಲರೂ ಅವನ್ನ ಕೇಳ್ತಾರ." ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ನನ್ನ ಹೊಟ್ಟೆಯ ಮೇಲೆ ತಣ್ಣನೆಯ ಅಂಗೈ ಇಟ್ಟು ಎರಡೂ ಕಡೆ ಒತ್ತಿ ನೋಡಿದರು. "ತಲಿ ಕೆಳಗ ಐತಿ. ಚಲೋ ಐತಿ. ದವಾಖಾನಿಗೆ ಹೋಗು, ಮನ್ಯಾಗ ಹೊಲ್ದಾಗ ಅಂತ ಹುಚ್ಚು ಮಾಡಬ್ಯಾಡ." ಆಮೇಲೆ ಅವ್ವನ ಕಡೆಗೆ ತಿರುಗಿದರು. "ನೋಡ ತಂಗಿ, ಇಕಿನ್ನ ಒಬ್ಬಾಕಿನ್ನ ಒಳಗ ಕಳಸಬ್ಯಾಡ."

ಹೊರಡುವಾಗ ಉಡಿಗೆ ಹುಣಸೆಹಣ್ಣು ಹಾಕಿದರು. "ಮಗಗ ಇದನ್ನೆಲ್ಲ ಹೇಳಬ್ಯಾಡ. ಅದನ್ನ ಹೇಳಿಕೋಂತ ದೊಡ್ಡಾವ ಆಗ್ಯಾನ," ಎಂದರು.

ಗುಡೇಕೋಟೆಯ ಬಸ್ ನಿಲ್ದಾಣದಲ್ಲಿ ಒಂದು ಬೇವಿನ ಮರದ ಕೆಳಗೆ ಬಹಳ ಹೊತ್ತು ಕೂತಿದ್ದೆವು. ಬಸ್ಸು ಬರಲಿಲ್ಲ. ಅವ್ವ ಒಮ್ಮೆಲೇ, ರಸ್ತೆಯನ್ನೇ ನೋಡುತ್ತಾ ಹೇಳಿದಳು:

"ನನ್ನ ತೊಡಿಗೆ ಹೊಡದ್ರು."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ನೀ ಹುಟ್ಟುವಾಗ. ಆಸ್ಪತ್ರ್ಯಾಗ. ಒದರಬ್ಯಾಡ ಅಂತ ನರ್ಸಮ್ಮ ತೊಡಿಗೆ ಹೊಡದ್ಲು. ಒಂದ ಸಲ ಅಲ್ಲ. ಕಾಲು ಅಗಲ ಮಾಡಿ ಮಲಗಿಸಿದ್ರಲ್ಲ, ಮುಚ್ಚಿಕೊಳ್ಳೂಕೂ ಬರಂಗಿಲ್ಲ, ತಪ್ಪಿಸಿಕೊಳ್ಳೂಕೂ ಬರಂಗಿಲ್ಲ. ಬಾಗಲಾಗ ಯಾರೋ ಗಂಡಸು ನಿಂತು ನೋಡಕ್ಕತ್ತಿದ್ದ, ಬಕೀಟು ಹಿಡಕೊಂಡು." ಅವ್ವ ಸೆರಗಿನಿಂದ ಬಾಯಿ ಒರಸಿಕೊಂಡಳು. "ನೀ ಹುಟ್ಟಿದ್ದು ನನಗ ನೆಪ್ಪಿಲ್ಲ ಮಗಳ. ನೀ ಅತ್ತದ್ದೂ ನೆಪ್ಪಿಲ್ಲ. ಅದು ಮಾತ್ರ ನೆಪ್ಪೈತಿ. ನಿಮ್ಮಪ್ಪಗೂ ಹೇಳಿಲ್ಲ."

"ಅದಕ್ಕ ಇನ್ನೊಂದು ಹಡಿಲಿಲ್ಲಾ?"

ಅವ್ವ ಪಕ್ಕಕ್ಕೆ ತಿರುಗಿ ಉಗುಳಿದಳು. ಅವ್ವ ಹಾಗೆ ರಸ್ತೆಯಲ್ಲಿ ಉಗುಳಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಆಮೇಲೆ, "ನಿನ್ನ ಕೂಡ ನಾ ಒಳಗ ಬರ್ತೀನಿ. ಬಿಡದಿದ್ರ ಬಾಗಲಾಗ ಕುಂದರ್ತೀನಿ. ಎಳದು ಒಗೀಲಿ ನೋಡೋಣು," ಎಂದಳು.

ಮರುದಿನ ಪಿ.ಟಿ. ಮೇಷ್ಟ್ರ ಫೋನು ಬಂತು. "ಹೆಂಗ ಮೇಡಂ? ಅವ್ವ ಹೇಳಿದ್ಲಾ? ಹುಲಿ ಅಲ್ಲ ನಮ್ಮವ್ವ?"

"ನಿಮ್ಮ ಅವ್ವನ್ನ ನೀವ ಒಂದು ಸಲ ಕೂತು ಕೇಳ್ರಿ ಸರ್," ಎಂದೆ.

"ನನಗ ಗೊತ್ತಿಲ್ಲದ್ದು ಏನೈತ್ರಿ ಅದ್ರಾಗ!" ಎಂದು ನಕ್ಕರು. ನಾನು ಫೋನು ಇಟ್ಟೆ.

ನನಗೆ ಬೇನೆ ಬಂದದ್ದು ಬೇಸಿಗೆ ರಜೆಯ ಒಂದು ಬೆಳಿಗ್ಗೆ, ಹಲ್ಲುಜ್ಜುವ ಹೊತ್ತಿಗೆ. ಗರ್ಭದ ನೀರು ಹೋಗಿತ್ತು. ಗಂಡ ಕೊಟ್ಟೂರಿನಿಂದ ಬರುವಷ್ಟರಲ್ಲಿ ಅಪ್ಪ ಆಂಬುಲೆನ್ಸ್ ಕರೆಸಿದ್ದ. ಯಾವ ಊರಿನ ಆಸ್ಪತ್ರೆ ಎಂದು ಬರೆಯುವುದಿಲ್ಲ. ಬರೆದರೆ ಅದೊಂದೇ ಹಾಗೆ ಎಂದುಕೊಂಡು ಉಳಿದವರು ನೆಮ್ಮದಿಯಿಂದ ಇರುತ್ತಾರೆ.

ಹೆರಿಗೆ ಕೋಣೆಯ ಬಾಗಿಲಲ್ಲಿ ಆಯಾ ಅವ್ವನನ್ನು ತಡೆದಳು. "ಯಾರೂ ಒಳಗ ಬರಂಗಿಲ್ಲ."

ಅದೇ ಬಾಗಿಲ ಪಕ್ಕದ ಗೋಡೆಯ ಮೇಲೆ ದೊಡ್ಡ ಫಲಕವಿತ್ತು, ಹೆರಿಗೆಯ ಸಮಯದಲ್ಲಿ ಜೊತೆಗೆ ಒಬ್ಬ ಮಹಿಳೆ ಇರಬಹುದು ಎಂದು. ನಗುವ ತಾಯಿಯ ಚಿತ್ರ ಸಮೇತ. ನಾನು ಬಾಗಿಲ ಚೌಕಟ್ಟು ಹಿಡಿದು ಬಾಗಿ ನಿಂತು, ಬೇನೆ ಇಳಿಯುವ ತನಕ ಕಾದು, ಬೆರಳು ಮಾಡಿ ಅದನ್ನು ತೋರಿಸಿದೆ. ಆಯಾ ಅದನ್ನು ಅವತ್ತೇ ಮೊದಲ ಸಲ ನೋಡಿದವಳಂತೆ ನೋಡಿದಳು. ಒಳಗಿಂದ ನರ್ಸು, "ಇರ್ಲಿ ಬಿಡು, ಬರ್ಲಿ," ಎಂದರು. ಅವರ ದನಿಯಲ್ಲಿ ದಯೆ ಇರಲಿಲ್ಲ, ದಣಿವಿತ್ತು. ನನಗೆ ಅಷ್ಟು ಸಾಕಾಗಿತ್ತು.

ಆ ಕೋಣೆಯ ಬಗ್ಗೆ ಹೇಳಲೇಬೇಕು. ಫಿನೈಲಿನ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಟೇಬಲ್ಲಿನ ರೆಕ್ಸಿನ್ನನ್ನು ಒರೆಸಿದ್ದರು, ಆದರೆ ಅಂಚಿನ ಹೊಲಿಗೆಯಲ್ಲಿ ಯಾರದೋ ರಕ್ತ ಕಪ್ಪಾಗಿ ಒಣಗಿತ್ತು. ಕಾಲ ಬಳಿ ಒಂದು ಬಕೆಟ್ಟು, ಅದರ ಮೇಲೆ ನೊಣ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಅವ್ವ ತನ್ನ ಚೀಲದಿಂದ ಒಗೆದ ಹಳೆಯ ಸೀರೆ ತೆಗೆದು ಆ ರೆಕ್ಸಿನ್ನಿನ ಮೇಲೆ ಹಾಸಿ ನನ್ನನ್ನು ಮಲಗಿಸಿದಳು.

ಬೇನೆಯ ಬಗ್ಗೆ ಹೆಚ್ಚು ಹೇಳಲಾರೆ. ಅದು ಅಲೆ ಅಲ್ಲ. ನಾನು ಕಿರುಚಿದೆ. ಆಗ ಆಯಾ, ನಾನು ಎಷ್ಟೋ ಜನರ ಬಾಯಲ್ಲಿ ಕೇಳಿ ಅದು ಬರೀ ಕಥೆಯಿರಬೇಕು ಎಂದುಕೊಂಡಿದ್ದ ಮಾತನ್ನೇ ಆಡಿದಳು.

"ಗಂಡನ ಕೂಡ ಮಲಗುವಾಗ ಹಿಂಗ ಒದರಿದ್ದ್ಯಾ?"

ಹೇಳಿ ನಕ್ಕಳು ಕೂಡ. ನಗಲು ಯಾರೂ ಜೊತೆಯಾಗಲಿಲ್ಲ. ಅವ್ವ ನನ್ನ ತೊಡೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಕೈ ತೆಗೆಯದೆಯೇ ಹೇಳಿದಳು: "ನೀ ಯಾರ ಹೊಟ್ಟ್ಯಾಗ ಹುಟ್ಟಿ ಬಂದಿ? ಮನಿಗೆ ಹೋಗಿ ಮೊದ್ಲು ಅಕಿನ್ನ ಕೇಳಿ ಬಾ ಇದನ್ನ. ಆಮ್ಯಾಲ ನನ್ನ ಮಗಳನ್ನ ಕೇಳು."

ನರ್ಸು ಆಯಾಗೆ ಬಿಸಿನೀರು ತರಲು ಹೇಳಿ ಹೊರಗೆ ಕಳಿಸಿದರು.

ಕೂಸನ್ನು ಹೊರಗೆ ದಬ್ಬಲು ಮುಕ್ಕುವಾಗ ನನಗೆ ಹೊಲಸು ಹೋಯಿತು. ಯಾವ ಕಥೆಯಲ್ಲೂ ಯಾರೂ ಅದನ್ನು ಹೇಳಿರಲಿಲ್ಲ. ರಕ್ತವನ್ನು ಅಷ್ಟು ರುಚಿಯಿಂದ ಹೇಳಿದ ಸಣ್ಣತ್ತೆಯೂ ಹೇಳಿರಲಿಲ್ಲ. ನಾಚಿಕೆಯಿಂದ ನಾನು ಮುಕ್ಕುವುದನ್ನೇ ನಿಲ್ಲಿಸಿದೆ. ಅವ್ವ ಬಟ್ಟೆ ತಗೊಂಡು ಒರೆಸಿದಳು, ಕೂಸಾಗಿದ್ದಾಗ ಒರೆಸಿದಂತೆಯೇ. "ಇದೇನು ದೊಡ್ಡದು? ಮುಕ್ಕು," ಎಂದಳು. ಮಧ್ಯಾಹ್ನ ಮೂರರ ಸುಮಾರಿಗೆ ಮಗಳು ಹುಟ್ಟಿದಳು. ಕೊಯ್ದಿದ್ದರು, ಹೊಲಿಗೆ ಹಾಕಿದರು. ಮರಗಟ್ಟಿಸುವ ಸೂಜಿ ಸರಿಯಾಗಿ ಹಿಡಿಯುವ ಮುಂಚೆಯೇ ಹಾಕಿದರು. ಕೂಸನ್ನು ಎದೆಯ ಮೇಲೆ ಇಟ್ಟಾಗ ನನಗೆ ಪ್ರೀತಿ ಉಕ್ಕಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬೆಚ್ಚಗಿತ್ತು, ಒದ್ದೆಯಾಗಿತ್ತು, ಮುಗಿಯಿತಲ್ಲ ಎನ್ನಿಸಿತು. ಪ್ರೀತಿ ಬರಲು ನಾಲ್ಕೈದು ದಿನ ಹಿಡಿಯಿತು. ಬಂದ ಮೇಲೆ ಹೋಗಿಲ್ಲ.

ವಾರ್ಡಿಗೆ ತಂದರು. ಡಾಕ್ಟರಮ್ಮ ಬಂದು, "ನಾರ್ಮಲ್ ಆಯ್ತು ನೋಡ್ರಿ, ಅದೃಷ್ಟ ಮಾಡಿದ್ದೀರಿ," ಎಂದರು. ಸಣ್ಣತ್ತೆ ಫೋನಿನಲ್ಲಿ, "ನಾರ್ಮಲ್ಲಾ? ಭೇಷ್! ನಮ್ಮ ಮನಿತನದ ಹೆಸರು ಉಳಸಿದಿ," ಎಂದರು. ನನ್ನ ಗಂಡ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಹೇಳಬೇಕಾದ ಮಾತು ಇದು: ನನಗೂ ಹೆಮ್ಮೆಯಾಯಿತು. ಆ ಇಡೀ ಸಂಜೆ ಹೆಮ್ಮೆಯಲ್ಲಿ ಮಲಗಿದ್ದೆ. ಪಕ್ಕದ ಹಾಸಿಗೆಯಲ್ಲಿ ಹರಪನಹಳ್ಳಿ ಕಡೆಯ ಒಬ್ಬ ಹುಡುಗಿ ಇದ್ದಳು, ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು. ಹಿಂದಿನ ದಿನ ಅವಳಿಗೆ ಆಪರೇಷನ್ ಆಗಿತ್ತು. ಹೊಟ್ಟೆ ಹಿಡಿದು ಎದ್ದು ಕೂರಲು ಒದ್ದಾಡುತ್ತಿದ್ದವಳನ್ನು ನೋಡಿ ಪಾಪ ಎಂದುಕೊಂಡೆ. ಆ 'ಪಾಪ'ದೊಳಗೆ, ನಾನು ನಿನ್ನಂತಲ್ಲ ಎಂಬುದೂ ಇತ್ತು.

ಮರುದಿನ ಬೆಳಿಗ್ಗೆ ಅವಳ ಅತ್ತೆ ನೋಡಲು ಬಂದವರೊಬ್ಬರಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಏನ್ ಮಾಡೋಣ್ರಿ, ಬ್ಯಾನಿ ತಿನ್ನಾಕ ಆಗಲಿಲ್ಲ ಇವಳಿಗೆ. ಕೊಯ್ಸಿಕೊಂಡು ಆರಾಮ ಮಲಗ್ಯಾಳೆ. ಅಲ್ನೋಡಿ, ಆ ಟೀಚರಮ್ಮ, ವಯಸ್ಸಾದಾಕಿ, ಹೆಂಗೆ ಹೆತ್ತಾಳೆ."

ಹೆಸರು ಹೇಳದಿದ್ದರೂ ಆ ಹೆಂಗಸಿನ ಬಾಯಲ್ಲಿ ಈಗ ನಾನೇ ಕಥೆಯಾಗಿದ್ದೆ. ಆ ಹುಡುಗಿ ಗೋಡೆಯ ಕಡೆ ಮುಖ ಮಾಡಿದಳು. ನನ್ನ ಹೆಮ್ಮೆಯೆಲ್ಲ ಆ ಕ್ಷಣದಲ್ಲಿ ಹಳಸಿದ ಅನ್ನದಂತೆ ನಾರಿತು. ಹೆರಿಗೆ ಕೋಣೆಯ ವಾಸನೆಗಿಂತಲೂ ಅದು ಕೆಟ್ಟದಾಗಿತ್ತು.

ಆ ಹುಡುಗಿಯ ಅತ್ತೆ ಚಹಾ ತರಲು ಕೆಳಗೆ ಹೋದಾಗ ನಾನು ಮೆಲ್ಲಗೆ ಎದ್ದು ಅವಳ ಹಾಸಿಗೆಯ ತುದಿಯಲ್ಲಿ ಒಂದು ಮಗ್ಗುಲಾಗಿ ಕೂತೆ. ಏನು ಹೇಳಬೇಕೆಂದು ತೋಚದೆ, "ಭಾಳ ನೋವೈತೇನು?" ಎಂದೆ.

"ಈಗ ಐತ್ರಿ ಅಕ್ಕಾ. ಆವಾಗ ಏನೂ ಇರಲಿಲ್ಲ." ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ನಿಮ್ಗೊಂದು ಹೇಳ್ಲಾ? ನಂದು ಚೆನ್ನಾಗಾಯ್ತ್ರಿ. ಬೆನ್ನಿಗೆ ಸೂಜಿ ಕೊಡೋ ಡಾಕ್ಟ್ರು ನನ್ನ ತಲೆ ಕಡೆ ಕೂತಿದ್ರು. ಹೆದರ್ತಿದ್ದೆ. ಯಾವೂರು, ಏನ್ ಕೆಲಸ ಅಂತ ಕೇಳಿದ್ರು. ರೊಟ್ಟಿ ಮಾಡಿ ಖಾನಾವಳಿಗೆ ಕೊಡ್ತೀನಿ ಅಂದೆ. ಸಜ್ಜೆ ರೊಟ್ಟಿ ಬಡಿಯುವಾಗ ಹರೀತತಲ್ಲ, ನನ್ನ ಹೆಂಡ್ತಿಗೆ ಬರಲ್ಲ, ನೀ ಹೆಂಗ್ ಮಾಡ್ತಿ ಅಂದ್ರು. ನಾನು ಹೇಳ್ತಾ ಇದ್ದೆ, ಬಿಸಿನೀರು ಎಷ್ಟು ಹಾಕ್ಬೇಕು, ಹೆಂಗೆ ನಾದ್ಬೇಕು ಅಂತ. ಒಂದು ಕೈ ಕಟ್ಟಿದ್ರಲ್ಲ, ಇನ್ನೊಂದು ಕೈಲಿ ಬಡಿದು ತೋರಿಸ್ತಿದ್ದೆ. ಅಷ್ಟ್ರಾಗೆ ಕೂಸು ಅತ್ತುಬಿಡ್ತು."

ಹೇಳುತ್ತಾ ಅವಳ ಬಲಗೈ ಹೊದಿಕೆಯ ಮೇಲೆ ರೊಟ್ಟಿ ಬಡಿಯುವಂತೆ ಆಡಿತು. ನಗಲು ಹೋಗಿ, ಹೊಲಿಗೆ ಜಗ್ಗಿ, ಹೊಟ್ಟೆ ಹಿಡಿದುಕೊಂಡಳು. ಅಷ್ಟು ತಿಂಗಳು ನಾನು ಕೇಳಬೇಕೆಂದು ಅಲೆದದ್ದು ಇದನ್ನೇ. ಅದು ಆಪರೇಷನ್ ಟೇಬಲ್ಲಿನ ಮೇಲೆ ಆಗಿತ್ತು.

ಅತ್ತೆ ಚಹಾ ತಂದಳು. ಹುಡುಗಿ ಮತ್ತೆ ಗೋಡೆಯ ಕಡೆ ಮುಖ ಮಾಡಿದಳು.

"ಸೊಸಿ ಧೈರ್ಯದಾಕಿ ಅದಾಳ್ರಿ ನಿಮ್ಮಾಕಿ," ಎಂದು ಅವ್ವ ಆ ಹೆಂಗಸಿಗೆ ಹೇಳಿದಳು.

"ಏನ್ ಧೈರ್ಯವೋ! ನಾನು ಐದು ಹೆತ್ತೆ, ಎಲ್ಲ ಮನ್ಯಾಗೆ, ಒಂದು ಹೊಲಿಗೆ ಇಲ್ಲ..." ಎಂದು ಅವಳು ಶುರು ಮಾಡಿದಳು. ಅವ್ವ ನನ್ನ ಕೂಸಿನ ಬಟ್ಟೆ ಬದಲಿಸುವ ನೆಪದಲ್ಲಿ ಬೆನ್ನು ತಿರುಗಿಸಿದಳು.

ಮೂರನೆಯ ದಿನ ಮನೆಗೆ ಬಂದೆವು. ಹೊಲಿಗೆ ಮಾಯಲು ತಿಂಗಳು ಹಿಡಿಯಿತು. ಒಂದೂವರೆ ತಿಂಗಳಿಗೆ ಕೂಸಿಗೆ ಸೂಜಿ ಹಾಕಿಸಲು ಅದೇ ಆಸ್ಪತ್ರೆಗೆ ಹೋಗಬೇಕಾಯಿತು. ಹೋಗುವ ಮುಂಚೆ ಅಲ್ಲಿನ ವೈದ್ಯಾಧಿಕಾರಿಗೆ ಎರಡು ಪುಟದ ಒಂದು ದೂರಿನ ಪತ್ರ ಬರೆದೆ. ಆಯಾ ಆಡಿದ ಮಾತನ್ನು ಅವಳು ಆಡಿದ ಹಾಗೆಯೇ ಬರೆದೆ. ಮಕ್ಕಳಿಗೆ ಪಾಠ ಹೇಳುವ ಕೈಯಿಂದ ಅದನ್ನು ಬರೆಯುವಾಗ ಬೆರಳು ತೊಳೆದುಕೊಳ್ಳಬೇಕು ಎನ್ನಿಸಿತು. ಆದರೂ ಒಂದು ಅಕ್ಷರ ಬಿಡಲಿಲ್ಲ.

ವೈದ್ಯಾಧಿಕಾರಿ ನಿಧಾನವಾಗಿ ಓದಿದರು. ಕಿವಿ ಕೆಂಪಾಯಿತು. "ಆಕಿ ಹಳಬಾಕಿ ಅದಾಳ್ರಿ ಮೇಡಂ, ಬಾಯಿ ಸರಿ ಇಲ್ಲ. ಮನಸಿಗೆ ಹಚ್ಚಿಕೋಬ್ಯಾಡ್ರಿ. ನಾನು ಕರೆದು ಹೇಳ್ತೀನಿ. ಕೂಸು ಆರಾಮದಾಳಲ್ಲ?"

"ಆರಾಮದಾಳ್ರಿ. ಸ್ವೀಕೃತಿ ಸೀಲು ಹಾಕಿ ಒಂದು ಪ್ರತಿ ಕೊಡ್ರಿ," ಎಂದೆ.

ಅವರು ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸೀಲು ಹೊರಗಿನ ಕೋಣೆಯ ಗುಮಾಸ್ತರ ಹತ್ತಿರ ಇದೆ, ಅವರು ಊಟಕ್ಕೆ ಹೋಗಿದ್ದಾರೆ, ನಾಳೆ ಬರ್ರಿ ಎಂದರು. ನಾನು ಕೂತೆ. ಹೊರಗೆ ಕಾರಿಡಾರಿನಲ್ಲಿ ಸೂಜಿ ಹಾಕಿಸಿಕೊಂಡ ಮಗಳು ಅವ್ವನ ಹೆಗಲ ಮೇಲೆ ಅಳುತ್ತಿದ್ದಳು. ಗುಮಾಸ್ತರು ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತಾ ಬರುವ ತನಕ ಮುಕ್ಕಾಲು ಗಂಟೆ ಹಾಗೆಯೇ ಕೂತಿದ್ದು, ಸೀಲು ಒತ್ತಿಸಿಕೊಂಡೇ ಎದ್ದೆ.